ಗಂಜಿ ಆರುವ ಹೊತ್ತು

ಹೋದ ಮಳೆಗಾಲದ ಒಂದು ರಾತ್ರಿ ನನ್ನ ಕೈಯಿಂದಲೇ ಮಾವನ ಬಾಯಿ ಸುಟ್ಟಿತು. ಅವರಿಗೆ ಪಾರ್ಶ್ವವಾಯು ಬಡಿದು ಆಗ ಎಂಟು ತಿಂಗಳು ಕಳೆದಿತ್ತು. ಬಲಗೈ ಎತ್ತಲಾಗುತ್ತಿರಲಿಲ್ಲ, ತುಟಿಯ ಬಲ ಅಂಚು ಜೋತುಬಿದ್ದಿತ್ತು, ಆ ಬದಿಯ ಕೆನ್ನೆಯೊಳಗೆ ಬಿಸಿ ಯಾವುದು, ತಣ್ಣಗಿನದು ಯಾವುದು ಎಂಬ ಅರಿವೂ ಮಂಕಾಗಿತ್ತು. ಕುಮಟಾದ ನಮ್ಮ ಮನೆಯಲ್ಲಿ ರಾತ್ರಿ ಅವರಿಗೆ ಗಂಜಿಯೇ ಊಟ, ಅದೂ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬೆಳೆದ ಕಗ್ಗವೆಂಬ ಭತ್ತದ ಅಕ್ಕಿಯ ಗಂಜಿ. ಅಂದು ಆಳವಾದ ಸ್ಟೀಲ್ ಬಟ್ಟಲಿನಲ್ಲಿ ಬಡಿಸಿಕೊಂಡು, ಮಂಚದ ಪಕ್ಕದಲ್ಲಿ ಕುಳಿತು, ಮೇಲಿನಿಂದ ಏಳೆಂಟು ಸಲ ಊದಿದೆ. ಮೇಲೆ ತೆಳುವಾದ ಕೆನೆ ಕಟ್ಟಿತು, ಹಬೆ ಏಳುವುದು ಕಡಿಮೆಯಾಯಿತು. ಆರಿತೆಂದುಕೊಂಡು ಚಮಚವನ್ನು ತಳದವರೆಗೆ ಇಳಿಸಿ, ತುಂಬಿಕೊಂಡು, ಅವರ ಬಾಯಿಗಿಟ್ಟೆ. ಅವರು ಮುಖವನ್ನೂ ಕಿವುಚದೆ ನುಂಗಿದರು. ಮರುದಿನ ಬೆಳಿಗ್ಗೆ ಬಾಯಿ ತೊಳೆಸುವಾಗ ಬಲಗೆನ್ನೆಯ ಒಳಗೆ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆ ಕಂಡಿತು.

ಆ ಗುಳ್ಳೆ ಒಡೆದು ಮಾಯಲು ಒಂದು ವಾರ ಹಿಡಿಯಿತು. ಆ ವಾರವಿಡೀ ನಾನು ಒಂದೇ ಸಂಗತಿಯನ್ನು ಯೋಚಿಸುತ್ತಿದ್ದೆ. ಊದಿದರೆ ಆರುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಿದ್ದಿಲ್ಲ. ಅದು ಹುಟ್ಟಿನಿಂದಲೇ ಬಂದ ತಿಳಿವಳಿಕೆಯ ಹಾಗೆ ನನ್ನೊಳಗಿತ್ತು. ಶಿರಸಿ ಸೀಮೆಯ ತೋಟದ ಮನೆಯಲ್ಲಿ ಬೆಳೆದವಳು ನಾನು. ಬೆಳಗಿನ ಚಳಿಯಲ್ಲಿ ಕೊತ್ತಂಬರಿ, ಜೀರಿಗೆಯ ಕಷಾಯದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತಾ ಕುಳಿತದ್ದು ನನ್ನ ಅತ್ಯಂತ ಹಳೆಯ ನೆನಪುಗಳಲ್ಲೊಂದು. "ಕೂಸೇ, ಊದ್ಕಂಡು ಕುಡಿ" ಎಂದು ಅಜ್ಜಿ ಹೇಳುತ್ತಿದ್ದರೇ ಹೊರತು ಊದಿದರೆ ಏನಾಗುತ್ತದೆಂದು ಹೇಳುತ್ತಿರಲಿಲ್ಲ. ಅಷ್ಟು ನಂಬಿದ ಉಸಿರು ಆ ರಾತ್ರಿ ನನ್ನನ್ನು ಯಾಕೆ ಮೋಸಗೊಳಿಸಿತು?

ಪ್ರಶ್ನೆಯನ್ನು ಇನ್ನಷ್ಟು ಚೂಪು ಮಾಡಿದವಳು ನನ್ನ ಮಗಳು. ಒಂಬತ್ತನೆಯ ತರಗತಿಯ ಹುಡುಗಿ. ಅಜ್ಜನ ಗುಳ್ಳೆಯ ವಿಷಯ ಕೇಳಿದವಳು, "ಆಯೀ, ಮೈಯೊಳಗಿನಿಂದ ಬರುವ ಉಸಿರೇ ಬಿಸಿ. ಬಿಸಿ ಗಾಳಿಯನ್ನು ಬಿಟ್ಟರೆ ಗಂಜಿ ತಣಿಯುವುದು ಹೇಗೆ?" ಎಂದಳು. ಚಳಿಗೆ ಕೈ ಬೆಚ್ಚಗಾಗಲೆಂದು ಬಾಯಿ ತೆರೆದು ಉಸಿರು ಬಿಡುವವರೂ ನಾವೇ, ಕಷಾಯ ಆರಲೆಂದು ಉಸಿರು ಬಿಡುವವರೂ ನಾವೇ. ಊದುಗೊಳವೆಯಲ್ಲಿ ಊದಿ ಒಲೆಯ ಕೆಂಡವನ್ನು ಎಬ್ಬಿಸುವುದು ಯಾವ ಉಸಿರೋ ಅದೇ ಉಸಿರು ದೀಪವನ್ನು ಆರಿಸುತ್ತದೆ. ಒಂದೇ ಉಸಿರಿಗೆ ಇಷ್ಟೊಂದು ಕೆಲಸಗಳು ಹೇಗೆ ಬಂದವು ಎಂಬುದನ್ನು ತಿಳಿಯದೆ ಇನ್ನೊಂದು ಚಮಚ ಗಂಜಿಯನ್ನು ಮಾವನ ಬಾಯಿಗಿಡುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದೆ.

ಮೊದಲು ಉಸಿರನ್ನೇ ನೋಡಿದೆವು. ಬಾಯಿಂದ ಹೊರಬೀಳುವ ಉಸಿರಿನ ಉಷ್ಣತೆ ಸುಮಾರು 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಜೊತೆಗೆ ಅದು ತೇವದಿಂದ ತುಂಬಿರುತ್ತದೆ. ಹಾಗಿದ್ದರೂ ತುಟಿಯನ್ನು ಮೊನೆ ಮಾಡಿ ಅಂಗೈಗೆ ಊದಿದರೆ ತಂಪೆನಿಸುತ್ತದೆ, ಬಾಯಿ ಅಗಲಿಸಿ ಹಾ ಎಂದರೆ ಬೆಚ್ಚಗೆನಿಸುತ್ತದೆ. ಮಗಳು ಅಂಗೈಯನ್ನು ಮೊನೆ ಮಾಡಿದ ತುಟಿಗೆ ತೀರಾ ಒತ್ತಿ ತಂದು ಊದಿದಳು. ಆಗ ಅದೇ ಗಾಳಿ ಬೆಚ್ಚಗಿತ್ತು. ನಂತರ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಕೊಳವೆಯಂತೆ ಸುತ್ತಿ, ಅದರೊಳಗಿನಿಂದ ಊದಿ, ಇನ್ನೊಂದು ತುದಿಗೆ ಅಂಗೈ ಹಿಡಿದಳು. ತುಟಿಯಿಂದ ಅಂಗೈ ಒಂದು ಗೇಣಿಗಿಂತ ದೂರವಿದ್ದರೂ ಗಾಳಿ ಬೆಚ್ಚಗೇ ಬಂದಿತು. ಉಸಿರು ತುಟಿಯಲ್ಲೇ ತಂಪಾಗುವುದಿಲ್ಲ ಎಂಬುದು ಅಷ್ಟರಿಂದಲೇ ಗೊತ್ತಾಯಿತು. ಸಣ್ಣ ಕಂಡಿಯಿಂದ ರಭಸವಾಗಿ ಹೊರಬಿದ್ದ ಉಸಿರು ಸುತ್ತಲಿನ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು ಹೋಗುತ್ತದೆ. ಅರ್ಧ ಗೇಣು ದೂರ ಹೋಗುವಷ್ಟರಲ್ಲಿ ಅದರೊಳಗೆ ನಮ್ಮ ಉಸಿರಿಗಿಂತ ಕೋಣೆಯ ಗಾಳಿಯೇ ಹೆಚ್ಚಾಗಿರುತ್ತದೆ. ಕಾಗದದ ಕೊಳವೆಯೊಳಗೆ ಸೆಳೆದುಕೊಳ್ಳಲು ಬೇರೆ ಗಾಳಿ ಸಿಗದ ಕಾರಣ ಉಸಿರು ಇದ್ದ ಹಾಗೆಯೇ ಬಂದು ಅಂಗೈಗೆ ತಾಗಿತು.

ಮಾವ ಇದನ್ನೆಲ್ಲ ಮಂಚದಿಂದಲೇ ನೋಡುತ್ತಿದ್ದರು. ತಾವೂ ಊದಲು ನೋಡಿದರು. ತುಟಿಯ ಬಲ ಅಂಚು ಕೂಡದೆ, ಗಾಳಿ ಆ ಸಂದಿಯಿಂದ ಸೋರಿಹೋಯಿತು. ಎದುರಿಗಿದ್ದ ಲೋಟದ ಹಬೆ ಅಲುಗಲೂ ಇಲ್ಲ. ಮೊನೆ ಮಾಡಿದ ತುಟಿಗೂ ತೆರೆದ ಬಾಯಿಗೂ ಇರುವ ವ್ಯತ್ಯಾಸವನ್ನು ಅಂದು ನಾನು ಅವರ ಮುಖದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ. ತಾನು ಉಣ್ಣುವುದನ್ನು ತಾನೇ ಊದಿಕೊಳ್ಳಲು ಆಗದಿರುವುದು ಎಷ್ಟು ದೊಡ್ಡ ಪರಾಧೀನತೆ ಎಂಬುದು ಗಟ್ಟಿಮುಟ್ಟಾಗಿರುವವರಿಗೆ ಹೊಳೆಯುವುದಿಲ್ಲ.

ಆದರೆ ಗಾಳಿ 34 ಡಿಗ್ರಿಯದೋ 30 ಡಿಗ್ರಿಯದೋ ಎಂಬುದು 80 ಡಿಗ್ರಿಯ ಗಂಜಿಗೆ ದೊಡ್ಡ ವಿಷಯವಲ್ಲ. ಗಂಜಿಯ ಮುಂದೆ ಎರಡೂ ತಂಪೇ. ನಿಜವಾದ ಕೆಲಸ ನಡೆಯುವುದು ಗಂಜಿಯ ಮೇಲ್ಮೈಗೆ ತಾಗಿಕೊಂಡಿರುವ ತೆಳುವಾದ ಗಾಳಿಯ ಪದರದಲ್ಲಿ. ಬಿಸಿ ನೀರಿನಿಂದ ಆವಿ ಏಳುತ್ತಲೇ ಇರುತ್ತದೆ. ಏಳುವ ಆವಿ ಮೇಲ್ಮೈಯನ್ನೇ ಹೊದ್ದುಕೊಂಡು ಕೂರುತ್ತದೆ. ಕೂತಷ್ಟು ಹೊತ್ತು ಹೊಸ ಆವಿಗೆ ದಾರಿ ಕಿರಿದು. 80 ಡಿಗ್ರಿಯ ನೀರಿನ ಮೈಗೆ ತಾಗಿರುವ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 290 ಗ್ರಾಂ ಆವಿ ಇರುತ್ತದೆ. 34 ಡಿಗ್ರಿಯ ನಮ್ಮ ಉಸಿರು ತೇವದಿಂದ ತುಂಬಿ ತುಳುಕಿದರೂ ಅದರಲ್ಲಿರುವುದು 38 ಗ್ರಾಂ ಮಾತ್ರ. ಗಂಜಿಗೆ ಹೋಲಿಸಿದರೆ ನಮ್ಮ ತೇವದ ಉಸಿರೂ ಒಣಗಾಳಿಯೇ. ಊದಿದೊಡನೆ ಆ ಹೊದಿಕೆ ಸರಿಯುತ್ತದೆ, ಅದರ ಜಾಗಕ್ಕೆ ಒಣಗಾಳಿ ಬರುತ್ತದೆ, ಇನ್ನಷ್ಟು ನೀರು ಆವಿಯಾಗಿ ಏಳುತ್ತದೆ, ಏಳುವಾಗ ಉಳಿದ ಗಂಜಿಯಿಂದ ಬಿಸಿಯನ್ನು ಕಿತ್ತುಕೊಂಡು ಹೋಗುತ್ತದೆ.

ಈ ಲೆಕ್ಕ ತಿಳಿದಾಗ ನನ್ನ ಬಹಳ ದಿನದ ಇನ್ನೊಂದು ಸಂಶಯವೂ ಪರಿಹಾರವಾಯಿತು. ಕಾರವಾರದಿಂದ ಭಟ್ಕಳದವರೆಗೆ ನಮ್ಮ ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢದಲ್ಲಿ ಜಗಲಿಯ ಹಗ್ಗದ ಮೇಲೆ ಹರವಿದ ಪಂಚೆ ಮೂರು ದಿನವಾದರೂ ಆರುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ, ಗೋಡೆ ಬೆವರುತ್ತದೆ. ಅಂಥ ಗಾಳಿಯಲ್ಲೂ ಗಂಜಿ ಹೇಗೆ ಆರುತ್ತದೆ? ತೇವದಿಂದ ತುಂಬಿದ 27 ಡಿಗ್ರಿಯ ಮಳೆಗಾಲದ ಗಾಳಿಯಲ್ಲಿ ಇರುವ ಆವಿ ಒಂದು ಘನ ಮೀಟರಿಗೆ 26 ಗ್ರಾಂನಷ್ಟೇ. ಪಂಚೆಯ ಉಷ್ಣತೆಯೂ ಗಾಳಿಯಷ್ಟೇ ಇರುವ ಕಾರಣ ಅದಕ್ಕೆ ಆ 26 ಗ್ರಾಂ ಅಂದರೆ ಮುಚ್ಚಿದ ಬಾಗಿಲು. 290 ಗ್ರಾಂನ ಒತ್ತಡದಲ್ಲಿ ಏಳುವ ಗಂಜಿಯ ಆವಿಗೆ ಅದು ಬಾಗಿಲೇ ಅಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ಮಾತನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕನ್ನಡದಲ್ಲಿ ಅನ್ನ ಆರುತ್ತದೆ, ಬಟ್ಟೆಯೂ ಆರುತ್ತದೆ. ಬಿಸಿ ಇಳಿಯುವುದಕ್ಕೂ ನೀರು ಇಂಗುವುದಕ್ಕೂ ಒಂದೇ ಕ್ರಿಯಾಪದ. ಚಿತ್ರಾನ್ನಕ್ಕೆ ಅನ್ನವನ್ನು ಆರಹಾಕುತ್ತೇವೆ, ತೊಳೆದ ಸೀರೆಯನ್ನೂ ಆರಹಾಕುತ್ತೇವೆ. ಚಿಕ್ಕವಳಿದ್ದಾಗ ಇದು ಶಬ್ದದ ಬಡತನವೆಂದುಕೊಂಡಿದ್ದೆ; ಎರಡು ಬೇರೆ ಸಂಗತಿಗಳಿಗೆ ಎರಡು ಶಬ್ದ ಯಾಕಿಲ್ಲ ಎಂದು. ಈಗ ನೋಡಿದರೆ ಬಿಸಿ ಗಂಜಿಯ ಮಟ್ಟಿಗೆ ಅವು ಬೇರೆ ಸಂಗತಿಗಳೇ ಅಲ್ಲ. ಗಂಜಿ ತಣಿಯುವುದು ಬಹುಪಾಲು ಒಣಗುವುದರಿಂದಲೇ. ಅಡುಗೆಮನೆಯಲ್ಲೂ ಅಂಗಳದಲ್ಲೂ ದಿನವಿಡೀ ದುಡಿದವರು ಕಂಡದ್ದನ್ನು ಕಂಡ ಹಾಗೆ ಹೆಸರಿಸಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಬಹುಪಾಲು ಎಂದೆನಲ್ಲ, ಅದನ್ನು ತೂಗಿ ನೋಡಿಯೇ ಹೇಳುತ್ತಿದ್ದೇನೆ. ಒಂದು ಭಾನುವಾರ ಮಗಳೂ ನಾನೂ ಒಂದೇ ಅಳತೆಯ ಸ್ಟೀಲ್ ಲೋಟಗಳನ್ನು ತೆಗೆದುಕೊಂಡು, ಒಂದೊಂದಕ್ಕೂ 200 ಗ್ರಾಂ ಬಿಸಿ ನೀರು ಹಾಕಿ, ಅಡುಗೆಗೆ ಬಳಸುವ ಥರ್ಮಾಮೀಟರು 80 ಡಿಗ್ರಿ ತೋರಿಸಿದಲ್ಲಿಂದ ಮೂರು ನಿಮಿಷ ಎಣಿಸಿದೆವು. ಮೊದಲನೆಯದನ್ನು ಮುಟ್ಟದೆ ಬಿಟ್ಟೆವು. ಎರಡನೆಯದಕ್ಕೆ ಮಗಳು ಮೇಲಿನಿಂದ ಓರೆಯಾಗಿ, ಆತುರವಿಲ್ಲದೆ, ಉಸಿರು ತೆಗೆದುಕೊಳ್ಳುತ್ತಾ ಬಿಡುತ್ತಾ ಊದಿದಳು. ಆತುರ ಮಾಡಿದರೆ ತಲೆ ಸುತ್ತುತ್ತದೆ. ಮೂರು ನಿಮಿಷದ ಕೊನೆಗೆ ಮುಟ್ಟದ ಲೋಟ 75 ಡಿಗ್ರಿಗೆ ಇಳಿದಿತ್ತು, ಊದಿದ ಲೋಟ 69ಕ್ಕೆ ಇಳಿದಿತ್ತು. ಅಡುಗೆಮನೆಯ ತಕ್ಕಡಿಯ ಮೇಲಿಟ್ಟರೆ ಮುಟ್ಟದ ಲೋಟದಲ್ಲಿ ಒಂದು ಗ್ರಾಂ ಕಡಿಮೆ, ಊದಿದ ಲೋಟದಲ್ಲಿ ಮೂರು ಗ್ರಾಂ ಕಡಿಮೆ.

ಆ ಮೂರು ಗ್ರಾಂ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅಷ್ಟು ಬಿಸಿಯಲ್ಲಿ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 550 ಕ್ಯಾಲೊರಿ ಶಾಖ ಬೇಕು. ಶಾಖ ಕೊಡುತ್ತಾ ಹೋದರೂ ಕುದಿಯುವ ನೀರಿನ ಉಷ್ಣತೆ ಏರದೆ, ಆ ಶಾಖವೆಲ್ಲ ಆವಿಯೊಳಗೆ ಅಡಗುವುದನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ 1760ರ ದಶಕದಲ್ಲಿ ತೋರಿಸಿಕೊಟ್ಟ. ನಮ್ಮ ಶಾಲಾ ಪುಸ್ತಕಗಳು ಅದನ್ನು ಗುಪ್ತೋಷ್ಣವೆಂದು ಕರೆಯುತ್ತವೆ. 550 ಕ್ಯಾಲೊರಿಯನ್ನು 200 ಗ್ರಾಂ ನೀರು ಕಳೆದುಕೊಂಡರೆ ಅದರ ಉಷ್ಣತೆ ಎರಡೂಮುಕ್ಕಾಲು ಡಿಗ್ರಿ ಇಳಿಯುತ್ತದೆ. ಮೂರು ಗ್ರಾಂಗೆ ಎಂಟು ಡಿಗ್ರಿಗಿಂತ ತುಸು ಹೆಚ್ಚು. ಇಳಿದದ್ದು ಒಟ್ಟು ಹನ್ನೊಂದು. ಉಳಿದ ಮೂರು ಡಿಗ್ರಿಯಷ್ಟು ಮಾತ್ರ ಲೋಟದ ಮೈಯಿಂದಲೂ ಬರಿಯ ಗಾಳಿಯ ಸೋಕಿನಿಂದಲೂ ಹೋಗಿರಬೇಕು. ಒಂದು ಚಮಚೆಯನ್ನೂ ತುಂಬದ ನೀರು, ಕಣ್ಣಿಗೆ ಕಾಣದೆ ಹೋದ ನೀರು, ಲೋಟದ ಬಿಸಿಯನ್ನು ಅಷ್ಟು ಇಳಿಸಿ ಹೋಗಿತ್ತು.

ಮೂರನೆಯ ಲೋಟದ ಕತೆ ಬೇರೆ. ಅದರ ನೀರಿನ ಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆ ಹರಡಿದ್ದೆವು. ಅಷ್ಟೇ ಮೂರು ನಿಮಿಷ ಅದಕ್ಕೂ ಊದಿದಾಗ ಥರ್ಮಾಮೀಟರು 77ರಲ್ಲಿ ನಿಂತಿತ್ತು, ತೂಕ ಇದ್ದ ಹಾಗೇ ಇತ್ತು. ಊದದೆ ಬಿಟ್ಟ ಬರಿಯ ನೀರು ಊದಿದ ಎಣ್ಣೆನೀರಿಗಿಂತ ಬೇಗ ಆರಿತೆಂದರೆ ಊದುವಿಕೆಯ ಶಕ್ತಿ ಯಾವುದರಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ. ಆವಿಗೆ ದಾರಿಯಿಲ್ಲದ ಕಡೆ ಉಸಿರಿಗೆ ಹೆಚ್ಚಿನ ಕೆಲಸವಿಲ್ಲ. ತುಪ್ಪ ತೇಲುವ ಸಾರು, ತೆಂಗಿನೆಣ್ಣೆಯ ಒಗ್ಗರಣೆ ಹೊದ್ದ ಹುಳಿ, ಎಣ್ಣೆ ಬಿಟ್ಟ ಮೀನುಸಾರು, ಇವೆಲ್ಲ ಮೇಲೆ ಹಬೆಯನ್ನೇ ತೋರಿಸದೆ ಒಳಗೆ ಸುಡುತ್ತಿರುತ್ತವೆ. ಹಬೆ ಕಾಣದ ಪದಾರ್ಥವನ್ನು ಆರಿದ್ದೆಂದು ನಂಬಬಾರದು ಎಂಬುದನ್ನು ಮನೆಯಲ್ಲಿ ಅಡುಗೆ ಬಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕೆಂದು ನನ್ನ ಆಸೆ, ವಿಶೇಷವಾಗಿ ಎಳೆ ಮಕ್ಕಳೂ ಕಾಯಿಲೆಯವರೂ ಇರುವ ಮನೆಯಲ್ಲಿ.

ಇನ್ನೂ ಅಪಾಯದ್ದು ಬೆಲ್ಲ. ಶಿರಸಿ ಕಡೆಯ ಆಲೆಮನೆಗಳಲ್ಲಿ ಕೊಪ್ಪರಿಗೆಯ ಸುತ್ತ ಬಾಳೆ ಎಲೆಯ ತುಂಡು ಹಿಡಿದು ನಿಲ್ಲುವ ಮಕ್ಕಳಿಗೆ ಹಿರಿಯರು ಬಿಸಿ ಜೋನಿಬೆಲ್ಲವನ್ನು ಎಲೆಗೆ ಸುರಿದುಕೊಟ್ಟು, ಹರಡಿಕೊಂಡು ಕಾಯಲು ಹೇಳುತ್ತಾರೆ. ಊದಿ ತಿನ್ನಲು ಹೇಳುವುದಿಲ್ಲ. ಕಬ್ಬಿನ ಹಾಲು ಬತ್ತಿದಂತೆಲ್ಲ ಅದರಲ್ಲಿ ಸಕ್ಕರೆಯ ಪಾಲು ಹೆಚ್ಚಿ ಕುದಿಯುವ ಉಷ್ಣತೆ 100 ಡಿಗ್ರಿಯನ್ನು ದಾಟುತ್ತದೆ. ಆವಿಯಾಗಲು ಉಳಿದಿರುವ ನೀರು ಕಡಿಮೆ. ದಪ್ಪಗಿರುವ ಕಾರಣ ಒಳಗಿನ ಬಿಸಿ ಮೇಲಕ್ಕೆ ಬರುವುದೂ ನಿಧಾನ. ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಬಿಡುವುದಿಲ್ಲ. ಅಲ್ಲಿ ಉಸಿರನ್ನು ನಂಬಿದವರು ತುಟಿ ಸುಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ.

ಈಗ ಆ ರಾತ್ರಿಯ ಬಟ್ಟಲಿಗೆ ಮರಳುತ್ತೇನೆ. ಗಂಜಿಯಲ್ಲಿ ಎಣ್ಣೆಯಿರಲಿಲ್ಲ, ಬೆಲ್ಲವಿರಲಿಲ್ಲ. ಊದಿದ್ದು ಕೆಲಸ ಮಾಡಿತ್ತು, ಆದರೆ ಮೇಲೆ ಮಾತ್ರ. ಬರಿಯ ನೀರಿನಲ್ಲಾದರೆ ಮೇಲೆ ತಣಿದದ್ದು ಭಾರವಾಗಿ ಕೆಳಗಿಳಿದು, ಕೆಳಗಿನ ಬಿಸಿ ಮೇಲಕ್ಕೆ ಬಂದು, ಲೋಟವಿಡೀ ತಾನಾಗಿ ಕಲಸಿಕೊಳ್ಳುತ್ತದೆ. ಅಗುಳು ತುಂಬಿದ, ತಿಳಿ ಮಂದವಾದ ಗಂಜಿಯಲ್ಲಿ ಆ ಓಡಾಟ ನಿಂತುಹೋಗುತ್ತದೆ. ನನ್ನ ಉಸಿರು ಮೇಲಿನ ಪದರವನ್ನಷ್ಟೇ ಆರಿಸಿ, ಅದರ ಮೇಲೊಂದು ಕೆನೆಯನ್ನೂ ಕಟ್ಟಿಸಿ, ಅಡಿಯ ಬಿಸಿಗೆ ಮುಚ್ಚಳ ಹಾಕಿತ್ತು. ನಾನು ಕಣ್ಣಿಂದ ನೋಡಿದ್ದು ಮೇಲಿನದನ್ನು, ಚಮಚದಿಂದ ತೆಗೆದದ್ದು ತಳದ್ದನ್ನು. ಉಸಿರು ಮೋಸ ಮಾಡಿರಲಿಲ್ಲ. ಅದರ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬಿನದೂ ಇದೇ ಪಾಡು. ಹೊರಗಿನಿಂದ ಎಷ್ಟು ಊದಿದರೂ ನಡುವಿನ ಬಿಸಿ ಕದಲುವುದಿಲ್ಲ. ಒಮ್ಮೆ ಮುರಿದು ನಾಲ್ಕು ತುಂಡು ಮಾಡಿದರೆ ಹಬೆ ಎದ್ದು ಎರಡು ನಿಮಿಷದಲ್ಲಿ ತಿನ್ನುವಂತಾಗುತ್ತದೆ.

ಮೈ ಅಗಲವಾದಷ್ಟೂ ಬೇಗ ಆರುತ್ತದೆ. ಹಳೆಯ ಚಹಾದಂಗಡಿಗಳಲ್ಲಿ ಕಪ್ಪಿನಿಂದ ಬಸಿಗೆ ಬಗ್ಗಿಸಿಕೊಂಡು ಕುಡಿಯುವವರನ್ನು ಈಗಲೂ ನೋಡಬಹುದು. ಏಳು ಸೆಂಟಿಮೀಟರು ಅಗಲದ ಕಪ್ಪಿನಿಂದ ಹದಿನಾಲ್ಕು ಸೆಂಟಿಮೀಟರು ಅಗಲದ ಬಸಿಗೆ ಬಂದ ಚಹಾದ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಆಳವೋ ಬೆರಳಿನ ಒಂದು ಗೆರೆಯಷ್ಟೂ ಇರುವುದಿಲ್ಲ. ಮದುವೆ ಮನೆಗಳಲ್ಲಿ ಅನ್ನವನ್ನು ಬಾಳೆ ಎಲೆಯ ಮೇಲೆ ಹರವುವುದೂ, ಎಲೆಯಲ್ಲಿ ಬಡಿಸಿದ ಬಿಸಿ ಅನ್ನಕ್ಕೆ ನಾವು ನಡುವೆ ಗುಂಡಿ ತೋಡಿ ಅಂಚಿನಿಂದ ಕಲಸುತ್ತಾ ಬರುವುದೂ ಇದಕ್ಕೇ. ಕೈಯಲ್ಲಿ ಉಣ್ಣುವವರಿಗೆ ಇನ್ನೊಂದು ಕಾವಲೂ ಇದೆ. 43, 44 ಡಿಗ್ರಿ ದಾಟುತ್ತಲೇ ಬೆರಳು ಉರಿಯತೊಡಗುತ್ತದೆ. ಬೆರಳು ತಾಳದ ತುತ್ತು ಬಾಯಿಗೆ ಹೋಗುವುದೇ ಇಲ್ಲ. ಚಮಚ ಬಂದ ಮೇಲೆ ಆ ಕಾವಲು ತಪ್ಪಿತು. ಮಾವ ಎಪ್ಪತ್ತು ವರ್ಷ ಕೈಯಲ್ಲೇ ಉಂಡವರು, ಒಂದು ದಿನವೂ ಬಾಯಿ ಸುಟ್ಟುಕೊಂಡವರಲ್ಲ. ಆ ಕೈ ಮಲಗಿದಾಗ ಕಾವಲಿನ ಕೆಲಸ ನನ್ನ ಪಾಲಿಗೆ ಬಂದಿತ್ತು, ಮತ್ತು ನಾನು ಅದನ್ನು ತಿಳಿದಿರಲಿಲ್ಲ.

ತಣಿಯುವ ವೇಗದ ಬಗ್ಗೆ ನ್ಯೂಟನ್ 1701ರಲ್ಲಿ ಒಂದು ಪ್ರಬಂಧವನ್ನು ತನ್ನ ಹೆಸರು ಹಾಕದೆ ಪ್ರಕಟಿಸಿದ್ದ. ಬಿಸಿ ಎಷ್ಟು ಹೆಚ್ಚೋ ಅದು ಇಳಿಯುವ ವೇಗವೂ ಅಷ್ಟು ಹೆಚ್ಚು ಎಂಬ ನಿಯಮ ಅಲ್ಲಿಂದ ಬಂದದ್ದು. ನನ್ನ ಗಮನ ಸೆಳೆದ ಸಂಗತಿಯೆಂದರೆ, ಕಾಯಿಸಿದ ಕಬ್ಬಿಣವನ್ನು ಆತ ನಿಂತ ಗಾಳಿಯಲ್ಲಿ ಇಡಲಿಲ್ಲ, ಒಂದೇ ಸಮನೆ ಬೀಸುವ ಗಾಳಿಯಲ್ಲಿ ಇಟ್ಟಿದ್ದ. ಕಾದ ಗಾಳಿ ಅಲ್ಲೇ ಸುತ್ತಿಕೊಳ್ಳದೆ, ಕ್ಷಣಕ್ಷಣಕ್ಕೂ ಹೊಸ ತಂಪು ಗಾಳಿ ಬಂದು ತಾಗಲಿ ಎಂಬುದು ಅವನ ಉದ್ದೇಶ. ಕಬ್ಬಿಣಕ್ಕೆ ಆವಿಯಾಗಲು ನೀರಿಲ್ಲ. ಆದ್ದರಿಂದ ಅದು ನಮ್ಮ ಎಣ್ಣೆಯ ಲೋಟದ ಜಾತಿಯದು. ಗಂಜಿಯ ಬಿಸಿ ಇಳಿಯುವುದು ಆ ನಿಯಮ ಹೇಳುವುದಕ್ಕಿಂತಲೂ ಅಸಮ. ಮೊದಲು ಧಾರಾಳ, ಕೊನೆಗೆ ಜಿಪುಣ. 45 ಡಿಗ್ರಿಗೆ ಬಂದಾಗ ಗಂಜಿಯ ಮೈಯ ಆವಿ ಘನ ಮೀಟರಿಗೆ 65 ಗ್ರಾಂಗೆ ಇಳಿದಿರುತ್ತದೆ, ನಮ್ಮ ಉಸಿರಿನದು ಅದೇ 38. ಆಮೇಲೆ ಊದಿದಷ್ಟೂ ದಣಿವೇ ಹೊರತು ಫಲ ಅಲ್ಪ. ಸುಡುಸುಡು ಗಂಜಿಯನ್ನು ಉಣ್ಣುವ ಹದಕ್ಕೆ ತರಲು ಉಸಿರು ಸಾಕು. ಉಗುರುಬೆಚ್ಚಗೆ ಮಾಡಲು ಕಾಯುವುದೇ ದಾರಿ.

ಊದುವುದರ ಬಗ್ಗೆ ನನ್ನ ಅತ್ತೆಗೆ ಬೇರೆಯೇ ಆಕ್ಷೇಪವಿತ್ತು. ಊದಿದ್ದು ಎಂಜಲು ಎನ್ನುವವರು ಅವರು. ದೀಪವನ್ನೂ ಬಾಯಿಂದ ಆರಿಸಬಾರದು ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಇದನ್ನು ಮಡಿಯ ಕಟ್ಟುಪಾಡೆಂದು ಮಾತ್ರ ತಿಳಿದಿದ್ದೆ. 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಸಂಶೋಧಕರು, ಹುಟ್ಟುಹಬ್ಬದ ಕೇಕಿನಂತೆ ಕೆನೆ ಹಚ್ಚಿದ ಹಾಳೆಯ ಮೇಲೆ ಮೇಣದಬತ್ತಿ ಚುಚ್ಚಿ ಊದಿಸಿ ನೋಡಿದಾಗ, ಊದಿದ ಮೇಲೆ ಬ್ಯಾಕ್ಟೀರಿಯಾ ಸರಾಸರಿ ಹದಿನಾಲ್ಕು ಪಟ್ಟು ಹೆಚ್ಚಿದ್ದುದು ಕಂಡುಬಂದಿತು. ಉಸಿರಿನ ಜೊತೆ ಉಗುಳಿನ ಸೂಕ್ಷ್ಮ ಹನಿಗಳೂ ಹೋಗುತ್ತವೆ. ಆರೋಗ್ಯವಂತರ ಮನೆಮಂದಿಯೊಳಗೆ ಇದು ಭಯಪಡುವ ವಿಷಯವೆಂದು ನಾನು ಹೇಳುವುದಿಲ್ಲ. ಆದರೆ ನುಂಗುವಾಗ ಕೆಮ್ಮುವ, ಎದೆಯಲ್ಲಿ ಕಫ ಕಟ್ಟಿಕೊಳ್ಳುವ ಒಬ್ಬ ಹಿರಿಯರ ತಟ್ಟೆಗೆ, ನೆಗಡಿಯಾದ ದಿನವೂ ನಾನು ಬಾಯಿಂದಲೇ ಊದುತ್ತಿದ್ದೆನಲ್ಲ! ಈಗ ಅಟ್ಟದಿಂದ ಅತ್ತೆಯ ಕಾಲದ ಅಡಿಕೆ ಹಾಳೆಯ ಬೀಸಣಿಗೆಯನ್ನು ಇಳಿಸಿಕೊಂಡಿದ್ದೇನೆ. ಅಂಚು ಸವೆದು ಎಳೆಯೆದ್ದಿದೆ, ಹಿಡಿಯ ಬಳಿ ಒಂದು ಕಡೆ ಸೂಜಿದಾರದಲ್ಲಿ ಹೊಲಿದದ್ದಿದೆ. ಅದರ ಗಾಳಿ ನನ್ನ ಉಸಿರಿಗಿಂತ ತಂಪು, ಉಸಿರಿಗಿಂತ ಒಣಗಿದ್ದು, ತಲೆ ಸುತ್ತಿಸದಂಥದ್ದು. ಎಂಜಲಿನ ಮಾತಿನಲ್ಲಿ ಅತ್ತೆ ಹೇಳಿದ್ದು ಸರಿಯಿತ್ತು. ಅವರು ಇದ್ದಾಗ ಅದನ್ನು ಒಪ್ಪಿಕೊಳ್ಳಲಿಲ್ಲವೆಂಬ ಕೊರಗು ನನಗಿದೆ.

ಗುಳ್ಳೆ ಮಾಯ್ದ ಮೇಲೆ ನನ್ನ ಕೈ ಅತಿ ಎಚ್ಚರದ ಕಡೆಗೆ ವಾಲಿತು. ಅಗಲವಾದ ತಟ್ಟೆಗೆ ಗಂಜಿ ಬಗ್ಗಿಸುವುದು, ಸೌಟಿನಿಂದ ತಿರುವುವುದು, ಹಾಳೆಯಿಂದ ಬೀಸುವುದು, ಥರ್ಮಾಮೀಟರು 40 ತೋರಿಸುವವರೆಗೆ ಕಾಯುವುದು. ಹೀಗೆ ಹತ್ತು ಹನ್ನೆರಡು ದಿನ ನಡೆಯಿತು. ಮಾವ ದಿನದಿಂದ ದಿನಕ್ಕೆ ಕಡಿಮೆ ಉಣ್ಣತೊಡಗಿದರು. ಹಸಿವಿಲ್ಲವೇನೋ, ಔಷಧದ ಕಾರಣವೋ ಎಂದು ನಾನು ಚಿಂತಿಸಿದೆ. ಒಂದು ರಾತ್ರಿ ಅವರು ಎಡಗೈಯಿಂದ ಚಮಚವನ್ನು ಮೆಲ್ಲನೆ ದೂರ ಸರಿಸಿ, ತೊದಲುವ ನಾಲಿಗೆಯಲ್ಲಿ, "ಆರಿ ಹೋತು ಕೂಸೇ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ತಪ್ಪಿಗೆ ನಾನು ಅವರ ಊಟವನ್ನೇ ದಂಡ ಕಟ್ಟಿಸುತ್ತಿದ್ದೆ. ಕಗ್ಗದ ಗಂಜಿಯ ರುಚಿಯೆಂದರೆ ಮುಕ್ಕಾಲು ಪಾಲು ಅದರ ಪರಿಮಳ, ಆ ಪರಿಮಳ ಮೂಗಿಗೆ ಬರುವುದು ಹಬೆಯ ಜೊತೆಗೆ. ಹಬೆಯನ್ನೆಲ್ಲ ಬೀಸಿ ಓಡಿಸಿದ ಮೇಲೆ ತಟ್ಟೆಯಲ್ಲಿ ಉಳಿದದ್ದು ಬರಿಯ ಮೆತ್ತಗಿನ ಅಗುಳು.

ತೀರಾ ಬಿಸಿಯಾದದ್ದು ಆರೋಗ್ಯಕ್ಕೂ ಒಳ್ಳೆಯದಲ್ಲ ಎಂಬುದು ನಿಜ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಗತಿಗಳ ಗುಂಪಿಗೆ ಸೇರಿಸಿತು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಬೇಯಿಸಬಲ್ಲದು. 50ರಲ್ಲಿ ಅದಕ್ಕೆ ನಿಮಿಷಗಳೇ ಬೇಕು. ಆದ್ದರಿಂದ ನಮ್ಮ ಮನೆಯಲ್ಲಿ ಈಗ 50ಕ್ಕೆ ನಿಲ್ಲಿಸುತ್ತೇವೆ. ಅದಕ್ಕಿಂತ ಮೇಲೆ ಅವರ ಬಲಗೆನ್ನೆಗೆ ಭಯ, ಅದಕ್ಕಿಂತ ಬಹಳ ಕೆಳಗಿಳಿದರೆ ಅವರಿಗೆ ಬೇಸರ.

ಥರ್ಮಾಮೀಟರನ್ನು ದಿನವೂ ಹುಡುಕುವ ಕೆಲಸವೂ ಈಗ ತಪ್ಪಿದೆ. ಅಗಲದ ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕೆ ಗಂಜಿ ಹರಡಿ, ಅಡಿಯಿಂದ ಮೇಲಕ್ಕೆ ಎರಡು ಸಲ ಮಗುಚಿ, ಬೀಸಣಿಗೆಯಿಂದ ಇಪ್ಪತ್ತು ಮೂವತ್ತು ಸಲ ಬೀಸಿ, ಅಂಚಿನಿಂದ ಅರ್ಧ ಚಮಚ ತೆಗೆದು, ಮಣಿಕಟ್ಟಿನ ಒಳಮೈಗೆ ಮುಟ್ಟಿಸಿ ನೋಡುತ್ತೇನೆ. ಚುರ್ ಎಂದರೆ ಇನ್ನೂ ಹತ್ತು ಸಲ ಬೀಸುತ್ತೇನೆ. ಬಿಸಿ ಚೆನ್ನಾಗಿ ತಾಗಿ, ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಅನ್ನಿಸದಿದ್ದರೆ ಅದೇ ಹದ. ತಟ್ಟೆಯ ನಡುವಿನಿಂದ ಆಗಲೂ ಎಳೆಯಂಥ ಹಬೆ ಏಳುತ್ತಿರುತ್ತದೆ. ಮಾವ ಮೊದಲು ಮುಖವನ್ನು ಅದರತ್ತ ತಂದು ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ, ಆಮೇಲೆ ಎಡಬದಿಯಿಂದ ಬಾಯಿ ತೆರೆಯುತ್ತಾರೆ.